ಈ ಕೋಳಿ ಯಾರು ಕೊಯ್ದಾರ?

ಹ್ವಾದ ವಾರ ಕೋಳಿ ಸೂಪಿನ ಫೋಟೋ ಹಾಕಿದ ಮ್ಯಾಲ ಎಲ್ಲಾರೂ ಒಂದೇ ಸವನ ಕೇಳಾಕತ್ತೀರಿ. "ಅಕ್ಕಾ, ಕೆನಿ ಇಲ್ಲ ಅಂತೀರಿ, ಬೆಣ್ಣಿ ಇಲ್ಲ ಅಂತೀರಿ, ಮತ್ತ ಅಷ್ಟು ಗಟ್ಟಿ, ಅಷ್ಟು ಬೆಳ್ಳಗ ಹ್ಯಾಂಗ ಬಂತು?"

ಜೋಳದ ಹಿಟ್ಟು ರೀ. ಮತ್ತೇನೂ ಇಲ್ಲ.

ಇಷ್ಟು ಹೇಳಿ ಕೈ ತೊಳಕೋಬಹುದಿತ್ತು. ಆದ್ರ ಮೂರು ದಿನಾತು, ಫೋನ್ ಕೈಯಾಗ ಹಿಡ್ಕೊಂಡು ಒಳಗ ಹೊರಗ ತಿರಗಾಕತ್ತೀನಿ. ಎರಡು ಸಾಲು ಬರೀತೀನಿ, ಅಳಸ್ತೀನಿ. ಈ ಸೂಪು ನಾ ಯಾಕ ಕಲ್ತೆ ಅಂತ ಹೇಳದ, ಖಾಲಿ ಹಿಟ್ಟು ಎಷ್ಟು ನೀರು ಎಷ್ಟು ಅಂತ ಬರದ್ರ ಅದು ಅರ್ಧಾ ಮಾತು. ಅರ್ಧಾ ಮಾತು ಹೇಳಿದ್ರ ಏನಾಗ್ತದ ಅಂತ ನನಗ ಚಲೋ ಗೊತ್ತದ.

ಹನ್ನೆರಡು ವರ್ಷದ ಹಿಂದಿನ ಸುದ್ದಿ ಇದು. ಕಲಬುರಗಿಯ ಗಾಜಿಪುರದಾಗ ನಮ್ಮ ಮನಿ. ನಮ್ಮ ಅತ್ತಿಗಿ, ಅಂದ್ರ ನಮ್ಮವರ ತಾಯಿಗಿ, ಪಿತ್ತಕೋಶದ ಆಪರೇಶನ್ ಆಗಿತ್ತು. ಎಪ್ಪತ್ತು ದಾಟಿದ ಜೀವ. ಆಪರೇಶನ್ ಚಂದ ಆತು, ಮನಿಗಿ ಬಂದ ಮ್ಯಾಲ ಅಕಿ ಊಟ ಬಿಟ್ಟಳು. ಗಂಜಿ ಕೊಟ್ರ ಮುಖ ತಿರಗಸ್ತಾಳ. ಬ್ಯಾಳಿ ಕಟ್ಟು ಕೊಟ್ರ ಬಟ್ಟಲಾ ಸರಸ್ತಾಳ. ಡಾಕ್ಟರು ಖಡಾಖಂಡಿ ಹೇಳಿದ್ರು:

"ಎರಡು ದಿನ ನೋಡ್ತೀನಿ. ಹೊಟ್ಟಿಗಿ ಹೋಗಲಿಲ್ಲಂದ್ರ ತಿರುಗಿ ದವಾಖಾನಿಗಿ ತರ್ರಿ, ಮೂಗಿನಾಗ ನಳಿಗಿ ಹಾಕ್ತೀವಿ. ಕೋಳಿ ಸೂಪು ಕೊಡ್ರಿ, ದಪ್ಪ ಇರ್ಲಿ. ಆದ್ರ ಬೆಣ್ಣಿ, ಕೆನಿ ಮುಟ್ಟಬ್ಯಾಡ್ರಿ."

ಅಲ್ರೀ, ಕೆನಿ ಇಲ್ಲದ ದಪ್ಪ ಸೂಪು ಎಲ್ಲಿಂದ ಬರಬೇಕು? ಫೋನಿನಾಗ ನೋಡಿದ್ರ ಎಲ್ಲಾ ಹೆಣ್ಣಮಕ್ಕಳು ಡಬ್ಬಿಗಟ್ಟಲೆ ಕ್ರೀಮ್ ಸುರೀತಾರ, ಮ್ಯಾಲ ಮೈದಾ. ನಾ ಅಂದ್ಕೊಂಡೆ, ನಮ್ಮ ಕಡಿ ಅಂಬಲಿ ದಪ್ಪ ಆಗೋದು ಜೋಳದ ಹಿಟ್ಟಿಲೇ ಅಲ್ಲೇನು? ಅದನ್ನೇ ಹಾಕಿದ್ರಾತು.

ಇನ್ನೊಂದು ತೊಡಕಿತ್ತು. ಅತ್ತಿ ಕುರಿ ತಿಂತಾಳ, ಮೀನ ತಿಂತಾಳ, ಕೋಳಿ ಮುಟ್ಟಲ್ಲ. ನಾ ಸೊಸಿಯಾಗಿ ಬಂದಾಗಿಂದ ನೋಡೀನಿ. ಕೇಳಿದ್ರ "ಉಷ್ಣ ಆಗ್ತದವ್ವಾ" ಅಂತಿದ್ಳು. ಅದಕ್ಕ ನಾ ಕೋಳಿ ಅಂತ ಹೇಳಲೇ ಇಲ್ಲ. ಸ್ಟೇಶನ್ ಬಜಾರದಿಂದ ಕೋಳಿ ತಂದೆ, ಹಿತ್ತಲ ಒಲಿ ಮ್ಯಾಲ ಇಟ್ಟೆ. ನಮ್ಮ ಮನ್ಯಾಗ ಕೋಳಿ ಕುರಿ ಒಳಗಿನ ಒಲಿಗಿ ಹತ್ತಲ್ಲ, ಅದರ ಪಾತೇಲಿನೂ ಬ್ಯಾರೆ, ಹಿತ್ತಲಾಗೇ ಬೋರಲ ಬಿದ್ದಿರ್ತದ.

ಹಿಟ್ಟು ಸೀದಾ ಕುದಿಯೋ ನೀರಿಗಿ ಸುರದೆ. ಗಂಟಾತು. ಗಂಟು ಒಡೀಲಿಕ್ಕಿ ಹೋಗಿ ಕೈ ಸುಟ್ಕೊಂಡೆ. ಸೋಸಿ, ಬಟ್ಟಲಾಗ ಹಾಕಿ ಒಯ್ದೆ.

ಅತ್ತಿ ಮೂಸಿ ನೋಡಿದ್ಳು. ಬೈತಾಳ ಅಂದ್ಕೊಂಡೆ. ಬೈಲಿಲ್ಲ.

"ಈ ಕೋಳಿ ಯಾರು ಕೊಯ್ದಾರ?"

"ಅಂಗಡ್ಯಾಂವ ರೀ. ಮತ್ಯಾರು ಕೊಯ್ತಾರ?"

"ಮುಲ್ಲಾ ಏನು?"

"ನಾ ಏನು ಅವನ ಜಾತಿ ಕೇಳಿ ಬರ್ಲಾ ಅತ್ತಿ? ಕುಡೀರಿ, ಆರ್ತದ."

ಅಕಿ ಗ್ವಾಡಿ ಕಡಿ ಹೊಳ್ಳಿ ಮಲಕೊಂಡ್ಳು. ನನಗ ತಲಿ ಕೆಟ್ಟು ಹೋತು. ಮುಂಜಾನಿಂದ ನಿಂತೀನಿ, ಕೈ ಸುಟ್ಟಾವ, ನಾಳಿ ಒಂದು ದಿನ ಹೋದ್ರ ನಳಿಗಿ. ಸಿಟ್ಟಿಲೇ ಅಂದೆ: "ಉಷ್ಣ ಅಂತ ಹೇಳಬ್ಯಾಡ್ರಿ. ಖರೇ ಏನದ ಹೇಳ್ರಿ. ಇಲ್ಲಂದ್ರ ಆ ಡಾಕ್ಟರಿಗಿ ನಾನೇ ಹೇಳ್ತೀನಿ, ಒಂದಲ್ಲ ಎರಡು ನಳಿಗಿ ಹಾಕ್ರಿ ಅಂತ."

ಅಕಿ ಗ್ವಾಡಿಗೇ ಹೇಳಿದ್ಳು, ನನಗಲ್ಲ.

ಅಕಿ ಹುಟ್ಟಿದ್ದು ಕಮಲಾಪುರದಾಗ. ನಲವತ್ತೆಂಟರಾಗ ಪೋಲಿಸ್ ಆಕ್ಷನ್ ಆದಾಗ ಒಂಬತ್ತೋ ಹತ್ತೋ ವರ್ಷ. ಅದಕ್ಕಿಂತ ಮದಲ ರಜಾಕಾರರ ಕಾಲಕ್ಕ ಅಕಿ ಮನಿಯವರು ಹೊಲದಾಗ ಅಡಗಿ ಮಲಗಿದ್ರಂತ. ಫೌಜು ಬಂತು, ನಿಜಾಮ ಶರಣಾದ, ಅಡಗೋ ಪಾಳಿ ಆಕಡಿ ಮುಸಲ್ಮಾನರಿಗಿ ಬಂತು. ಅದ್ರಾಗ ಮಂದಿಗಿ ಕೆಟ್ಟ ಮಾಡಿದವರೂ ಇದ್ರು, ಏನೂ ಮಾಡದವರು ಅದಕ್ಕಿಂತ ಜಾಸ್ತಿ ಇದ್ರು. ಊರ ಮುಲ್ಲಾ ಏನೂ ಮಾಡದಾಂವ. ಕೋಳಿ ಕೊಯ್ಯೋದು ಅವನ ಕೆಲಸ. ಆ ಕಾಲದಾಗ ನಮ್ಮ ಹಳ್ಳಿಗೋಳಾಗ ಹಿಂದೂ ಮನಿ ಕೋಳಿನೂ ಮುಲ್ಲಾನೇ ಬಂದು ಕೊಯ್ಯಬೇಕು. ಅಂವ ದುವಾ ಓದಿ ಚಾಕು ಹಾಕಿದ್ರೇ ಅದು ಅಡಗಿ, ಇಲ್ಲಂದ್ರ ಸತ್ತ ಕೋಳಿ ಇದ್ದಂಗ. ಯಾಕ ಅಂತ ಯಾರೂ ಕೇಳ್ತಿರಲಿಲ್ಲ. ಹಂಗೇ ಇತ್ತು.

ಆ ವಾರ ಅತ್ತಿಯ ಅವ್ವ ಬಾಣಂತಿ, ಜ್ವರ ಬಿಟ್ಟಿರಲಿಲ್ಲ. ಕೋಳಿ ಸಾರಿಗಿ ಜೋಳದ ಹಿಟ್ಟು ಕದಡಿ ಕುಡಸ್ರಿ, ತ್ರಾಣ ಬರ್ತದ ಅಂತ ಯಾರೋ ಹಿರ್ಯಾರು ಹೇಳ್ಯಾರ. ಮನ್ಯಾಗ ಕೋಳಿ ಇತ್ತು. ಅಪ್ಪ ಇರಲಿಲ್ಲ. ಮುದುಕಿ, ಅತ್ತಿಯ ಆಯಿ, ಒಲಿ ಹಚ್ಚಕೋತ ದಿನಾ ಹೇಳಿದಂಗೇ ಹೇಳಿಬಿಟ್ಟಳು: "ಹೋಗ್ ಹುಡುಗಿ, ಮುಲ್ಲಾನ ಕರಕೊಂಡು ಬಾ."

ಊರಿಗಿ ಊರೇ ಹೊತ್ತಿ ಉರಿಯೋ ಹೊತ್ತಿನಾಗ ಹಂಗ ಹೇಳೋದಾ? ಅಕಿ ತಲ್ಯಾಗ ಬಾಣಂತಿ ಇದ್ಳು, ಕೋಳಿ ಇತ್ತು. ಕೋಳಿ ಅಂದ್ರ ಮುಲ್ಲಾ.

ಮುಲ್ಲಾ ಎಲ್ಲಿದ್ದ ಅಂತ ಈ ಹುಡುಗಿಗಿ ಗೊತ್ತಿತ್ತು. ಎರಡು ದಿನದ ಹಿಂದ ಕೆಂಪಬಾಳಿ ತೋಟಕ್ಕ ಎಲಿ ತರ್ಲಿಕ್ಕಿ ಹೋದಾಗ ನೋಡಿದ್ಳು. ಅಂವ ಬಾಯಿ ಮ್ಯಾಲ ಬೆರಳಿಟ್ಟು 'ಸುಮ್ಮನಿರು' ಅಂತ ತೋರಿಸಿದ್ದ. ಯಾರಿಗೂ ಹೇಳಿರಲಿಲ್ಲ. ಈಗ ಕೋಳಿ ಬಗಲಾಗ ಹಿಡ್ಕೊಂಡು ಸೀದಾ ತೋಟಕ್ಕ ಹೋದ್ಳು. ಬದುವಿನ ಮ್ಯಾಲ ನಿಂತು, ಯಾವಾಗಲೂ ಅವನ ಮನಿ ಬಾಗಲಾಗ ನಿಂತು ಒದರೋ ಹಂಗೇ ಒದರಿದ್ಳು:

"ಮುಲ್ಲಾ ಕಾಕಾ! ಕೋಳಿ ತಂದೀನಿ, ಬಾ!"

ಎಲಿ ಅಲಗ್ಯಾಡಿದ್ವು. ಯಾರೂ ಬರಲಿಲ್ಲ. ಹೊಳ್ಳಿ ನೋಡಿದ್ರ ಹಿಂದ ನಾಕು ಮಂದಿ ಕೊಡ್ಲಿ ಹಿಡ್ಕೊಂಡು ನಿಂತಾರ.

"ಯಾರ್ನ ಕರಿಯಾಕತ್ತೀಯವ್ವಾ?"

ಅಕಿ ಕೋಳಿ ಬಿಟ್ಟು ಓಡಿದ್ಳು. ಸಂಜಿಗಿ ಕೋಳಿ ತಾನೇ ಮನಿಗಿ ಬಂತು. ಅವ್ವ ಬರೇ ಅಂಬಲಿ ಕುಡದು ಬದುಕಿದ್ಳು. ಮುಲ್ಲಾನ ಸುದ್ದಿ ಗೊತ್ತಾಗಲಿಲ್ಲ. ಆ ತಿಂಗಳೇ ಮನಿಯವರು ಕಮಲಾಪುರ ಬಿಟ್ಟು ಕಲಬುರಗಿಗಿ ಬಂದ್ರು. ಮುಂದ ಅಕಿನ ಲಗ್ನನೂ ಇಲ್ಲೇ ಆತು.

"ಇಷ್ಟು ವರ್ಷದಾಗ ಒಮ್ಮಿನೂ ಕೇಳಲಿಲ್ಲೇನ್ರೀ, ಅಂವ ಇದ್ದಾನೋ ಇಲ್ಲೋ ಅಂತ?"

"ಕೇಳಿದ್ರ ಉತ್ತರ ಬರ್ತದಲ್ಲ" ಅಂದ್ಳು.

ಹೊರಗ ಬಂದು ನಮ್ಮವರಿಗಿ ಹೇಳಿದೆ. ಅವರು ಚಪ್ಪಲಿ ಹಾಕ್ಕೋತ ಅಂದ್ರು, "ಅದರಾಗೇನದ? ಬದುಕಿದ್ದಾ ಅಂತ ಹೇಳಿಬಿಡು. ಯಾರು ನೋಡ್ಲಿಕ್ಕಿ ಹೊಂಟಾರ?"

"ನನ್ನ ಕೈಲೆ ಸುಳ್ಳು ಹೇಳಸಬ್ಯಾಡ್ರಿ. ನನ್ನ ಮುಖದ ಮ್ಯಾಲ ಕಾಣ್ತದ."

"ಹಂಗಾದ್ರ ಹೋಗು, ಕಮಲಾಪುರಕ್ಕ ಹೋಗಿ ಗೋರಿ ಹುಡಕು" ಅಂತ ಚೇಷ್ಟಾ ಮಾಡಿದ್ರು.

ಮರುದಿನ ಮುಂಜಾನೆ ನಾ ಹೋಗೇಬಿಟ್ಟೆ. ಬಸ್ಸಿನಾಗ ಕುಂದರಲಿಕ್ಕಿ ಆಗವಲ್ದು. ಕಿಟಕಿ ತಗೀತೀನಿ, ಹಾಕ್ತೀನಿ. ಬಾಜೂಕಿನ ಹೆಣ್ಣಮಗಳು "ಏನ್ರೀ, ಮೈಯಾಗ ಇರಿವಿ ಬಿಟ್ಟಾರೇನು?" ಅಂದ್ಳು. ಒಂದೇ ಲೆಕ್ಕ ತಲ್ಯಾಗ: ಅಂವ ಸತ್ತಿದ್ದ ಅಂದ್ರ ಏನು ಹೇಳಬೇಕು ಅಕಿಗಿ?

ಕಮಲಾಪುರದಾಗ ಹುಡಕಲಿಕ್ಕಿ ಏನೂ ತ್ರಾಸಾಗಲಿಲ್ಲ. ಮುಲ್ಲಾನ ಮನಿ ಅಂದ್ರ ಯಾರು ಬೇಕಾದವರು ತೋರಸ್ತಾರ. ಅವನ ಮೊಮ್ಮಗ ರೋಡಿನ ಬಾಜೂಕ ಕೆಂಪ ಬಾಳಿಹಣ್ಣು ಮಾರ್ತಿದ್ದ. ಐವತ್ತರ ಮ್ಯಾಲಿನ ಮನಷ್ಯಾ, ಹಲ್ಲಾಗ ಕಡ್ಡಿ.

"ನಿಮ್ಮ ಅಜ್ಜ, ಕೋಳಿ ಕೊಯ್ತಿದ್ನಲ್ರೀ, ಪೋಲಿಸ್ ಆಕ್ಷನ್ ಆದ ಮ್ಯಾಲೂ ಇದ್ನೇನ್ರೀ?"

"ಯಾಕ್ರೀ ಬಾಯಿ?"

"ನಮ್ಮ ಅತ್ತಿ ಈ ಊರಾಕಿ. ಮೈಯಾಗ ಆರಾಮಿಲ್ಲ, ನೆನಸ್ಲಿಕ್ಕತ್ಯಾಳ."

ಅವನ ಮುಖಾ ಅರಳಿತು. "ಇದ್ದನ್ರೀ! ನನ್ನ ಶಾದಿ ನೋಡೇ ಹ್ವಾದಾಂವ. ಮುದುಕಾದ್ರೂ ಕೈ ನಡಗ್ತಿರಲಿಲ್ಲ, ಒಂದೇ ಏಟು. ಈಗ ಯಾರರ ಜವಾರಿ ಕೋಳಿ ತಂದ್ರ ನಾನೇ ಮಾಡಿ ಕೊಡ್ತೀನಿ."

ನನಗ ಎದಿ ಮ್ಯಾಲಿನ ಬೀಸಕಲ್ಲ ಇಳಿಸಿದಂಗಾತು. ಅಲ್ಲೇ ಒಬ್ಬಾಕಿ ಬಲ್ಲಿ ಜವಾರಿ ಕೋಳಿ ತಗೊಂಡೆ, ಅವನ ಕೈಲೇ ಕೊಯ್ಸಿದೆ. ಅಂವ ಕೋಳಿ ಹಸನ ಮಾಡ್ಕೋತ ಮಾತಾಡ್ತಿದ್ದ. ಕೇಳದೇ ಹೇಳಾಕತ್ತ.

"ಅಜ್ಜನ ತಮ್ಮ ಒಬ್ಬ ಇದ್ದನ್ರೀ. ಛೋಟೇ ದಾದಾ. ಅಂವ ಸಿಗಲಿಲ್ಲ."

"ಸಿಗಲಿಲ್ಲ ಅಂದ್ರ?"

"ಇಬ್ರೂ ಬಾಳಿ ತೋಟದಾಗ ಅಡಗಿದ್ರಂತ. ಅಷ್ಟ್ರಾಗ ಯಾರೋ ಹೆಸರು ಹಿಡದು ಒದರಿದಂಗಾತಂತ. ಗಾಬ್ರಿ ಬಿದ್ದು ಎದ್ದು ಓಡ್ಯಾರ. ಅಜ್ಜ ಹಳ್ಳದ ಕಡಿ, ತಮ್ಮ ರೋಡಿನ ಕಡಿ. ರೋಡಿನ ಕಡಿ ಓಡಿದಾಂವ ಬರಲಿಲ್ಲ. ಯಾರು ಒದರಿದ್ರೋ ಏನೋ. ಅಜ್ಜಗ ಸಾಯೋತನಕ ಅದೇ ಫಿಕರ್ ಇತ್ತು."

ನಾ ಅವನ ಚಾಕು ನೋಡ್ಕೋತ ನಿಂತೆ. ಎಲ್ಲಾರಿಗೂ ಮುಖದ ಮ್ಯಾಲ ಹೇಳೋಳು ನಾನು. ಆವತ್ತು ಕೊಯ್ದಿದ್ದಕ್ಕ ಎಷ್ಟಾತು ಅಂತಷ್ಟೇ ಕೇಳಿದೆ.

ಹೊಂಟು ನಿಂತಾಗ ಒಂದು ಫಣಿ ಬಾಳಿಹಣ್ಣು ನನ್ನ ಉಡ್ಯಾಗ ಹಾಕಿದ. "ಬ್ಯಾಡ್ರೀ" ಅಂದೆ. "ನಿಮಗಲ್ಲ ಬಾಯಿ, ಆ ಆಯಿಗಿ. ಇಷ್ಟು ವರ್ಷಾದ್ರೂ ನಮ್ಮ ಅಜ್ಜನ ನೆನಸ್ಯಾಳ."

ಆ ಹಣ್ಣು ತೊಡಿ ಮ್ಯಾಲ ಇಟ್ಕೊಂಡೇ ಕಲಬುರಗಿ ಮುಟ್ಟಿದೆ.

ಈಗ ಸೂಪು. ಲಕ್ಷ ಕೊಟ್ಟು ಕೇಳ್ರಿ. ಎಲುಬು ಸಮೇತ ಕೋಳಿ ತುಂಡು, ಉಳ್ಳಾಗಡ್ಡಿ, ನಾಕು ಎಸಳು ಬಳ್ಳೊಳ್ಳಿ, ಎಂಟು ಹತ್ತು ಮೆಣಸು, ಒಂದು ಗಜ್ಜರಿ, ಉಪ್ಪು. ಮುಳಗೋ ಮ್ಯಾಲ ಎರಡು ಬಟ್ಟು ನೀರು. ಸಣ್ಣ ಉರಿ. ಜವಾರಿ ಕೋಳಿ ಇದ್ರ ಎರಡು ತಾಸು, ಅವಸರ ಮಾಡಬ್ಯಾಡ್ರಿ. ಇಳಿಸಿ ಆರಿಸ್ರಿ, ಮ್ಯಾಲ ತೇಲೋ ಜಿಡ್ಡು ಸೌಟಿಲೇ ತಗದು ಒಗೀರಿ. ಖಂಡ ಎಲುಬಿನಿಂದ ಬಿಡಿಸಿ ಎಳಿ ಎಳಿ ಮಾಡ್ರಿ. ಎರಡು ಚಮಚಾ ಜೋಳದ ಹಿಟ್ಟು ಒಣಾ ಹುರೀರಿ, ರೊಟ್ಟಿ ವಾಸನಿ ಬಂತಂದ್ರ ಸಾಕು. ಅದನ್ನ ತಣ್ಣನ ಹಾಲಿನಾಗ ಕದಡ್ರಿ, ಬಿಸಿದ್ರಾಗಲ್ಲ. ಕೆನಿ ತಗದ ಹಾಲು. ಒಂದು ಕೈಲೆ ಸಣ್ಣ ಧಾರಿ ಬಿಡಬೇಕು, ಇನ್ನೊಂದು ಕೈಲೆ ತಿರಗಸ್ತಾ ಇರಬೇಕು. ತಿರಗಸೋ ಕೈ ನಿಂತ್ರ ಗಂಟು.

ಅತ್ತಿ ಅವತ್ತು ಎದ್ದು ಹಿತ್ತಲಕ್ಕ ಬಂದಿದ್ಳು. ಗ್ವಾಡಿ ಹಿಡ್ಕೊಂಡು, ನಾನು ಕಮಲಾಪುರಕ್ಕ ಹೋಗಿದ್ದು ಗೊತ್ತಾಗಿ. ಕಟ್ಟಿ ಮ್ಯಾಲ ಕುಂತು ನನ್ನ ಮುಖಾನೇ ನೋಡಾಕತ್ತಿದ್ಳು.

"ಬದುಕಿದ್ದನ್ರೀ ಅತ್ತಿ. ಮೊಮ್ಮಗನ ಶಾದಿ ನೋಡಿ ಹ್ವಾದ. ಈ ಕೋಳಿ ಆ ಮೊಮ್ಮಗನೇ ಕೊಯ್ದಾನ."

ಅಕಿ ಅಳ್ತಾಳ ಅಂದ್ಕೊಂಡಿದ್ದೆ. ಸಿಟ್ಟಿಗೆದ್ಳು!

"ಬದುಕಿದ್ದನಾ? ಬದುಕಿ ಒಂದು ಮಾತು ಹೇಳಿ ಕಳಸ್ಲಿಕ್ಕಿ ಏನಾಗಿತ್ತು ಅವಗ, ಭಾಡ್ಯಾಗ? ಕಲಬುರಗಿ ಏನು ಮಕ್ಕಾದಷ್ಟು ದೂರ ಇತ್ತಾ? ಇಷ್ಟು ವರ್ಷ ನಾ ಕೋಳಿ ಬಿಟ್ಟು ಕುಂತೀನಿ!"

ನಮ್ಮವರು ಒಳಗಿಂದ ನಕ್ಕಿದ್ದು ಕೇಳಿಸ್ತು. ನಾನೂ ನಕ್ಕೆ. ಅಕಿ ಮುಂದ ಬಟ್ಟಲ ಇಟ್ಟೆ. ಎರಡು ಚಮಚಾ ಕುಡದ್ಳು. ಮೂರು. ನಾ ಮತ್ತ ಒಲಿ ಕಡಿ ಹೊಳ್ಳಿ, ಉಳಿದ ಹಿಟ್ಟಿನ ಹಾಲು ಬಿಡ್ಲಿಕ್ಕತ್ತೆ.

ಅವಾಗ ಹಿಂದಿಂದ ಕೇಳಿದ್ಳು.

"ಮತ್ತ ಅವನ ತಮ್ಮ? ಕೋಳಿ ಕಾಲ ಹಿಡೀತಿದ್ದ ನೋಡು, ತೆಳ್ಳಗ ಇದ್ದ. ಅಂವನೂ ತೋಟದಾಗ ಇದ್ದ."

ನನ್ನ ಕೈ ನಿಂತಿತು. ಹೊಳ್ಳಿ ನೋಡಲಿಲ್ಲ. ಒಲಿ ಕಡಿ ಮುಖಾ ಮಾಡಿ ಹೇಳಿದೆ, "ಅಂವನೂ ಬದುಕಿದ್ನಂತ್ರೀ. ಹೈದ್ರಾಬಾದಿಗಿ ಹ್ವಾದನಂತ. ಅಲ್ಲೇ ಇದ್ನಂತ."

ಅಷ್ಟೊತ್ತಿಗಿ ಪಾತೇಲ್ಯಾಗ ಗಂಟು ಕಟ್ಟಿತ್ತು. ಆಮ್ಯಾಲ ಬಟ್ಟಲ ಕಟ್ಟಿ ಮ್ಯಾಲ ಸರದ ಸಪ್ಪಳಾತು.

"ಇನ್ನೊಂದೀಟು ಹಾಕು."

ನಳಿಗಿ ತಪ್ಪಿತು. ಬಾಳಿಹಣ್ಣು ಎಲ್ಲಿದವ್ವಾ ಅಂದ್ಳು, ಬಸ್ ಸ್ಟ್ಯಾಂಡಿನಾಗ ತಗೊಂಡೆ ಅಂದೆ. ಮುಂದ ಮೂರು ವರ್ಷ ಇದ್ಳು. ವಾರಕ್ಕೊಮ್ಮಿ ಈ ಸೂಪು ಕೇಳಿ ಮಾಡಿಸ್ಕೊಂಡು ಕುಡದ್ಳು. ಮುಲ್ಲಾನ ತಮ್ಮನ ಸುದ್ದಿ ತಿರುಗಿ ಕೇಳಲಿಲ್ಲ. ನಂಬಿದ್ಳೋ, ನನ್ನ ಬೆನ್ನ ನೋಡೇ ತಿಳಕೊಂಡಿದ್ಳೋ, ನಾ ಕೇಳಲಿಲ್ಲ. ಕೇಳಿದ್ರ ಉತ್ತರ ಬರ್ತಿತ್ತು.

ಅಕಿಗಿ ಸುಳ್ಳು ಹೇಳಿದ್ದಕ್ಕ ನನಗ ಪಶ್ಚಾತ್ತಾಪ ಇಲ್ಲ, ಖರೇ ಹೇಳ್ತೀನಿ. ನನ್ನ ಕುಂದರಗೊಡಲಾರದ್ದು ಆ ಮೊಮ್ಮಗ. ಅವನ ಅಜ್ಜ ಸಾಯೋತನಕ ಫಿಕರ್ ಮಾಡಿದ ಮಾತು ನನ್ನ ಬಲ್ಲಿ ಅದ. ಒದರಿದಾಕಿ ವೈರಿ ಅಲ್ಲಪ್ಪಾ, ಬಗಲಾಗ ಕೋಳಿ ಹಿಡ್ಕೊಂಡಿದ್ದ ಹತ್ತು ವರ್ಷದ ಹುಡುಗಿ ಅಂತ ಹೇಳಬೇಕು. ಹೇಳಿದ್ರ ಅವಗ ಹಗುರಾಗ್ತದೋ, ಕೊಟ್ಟ ಹಣ್ಣು ಕಹಿ ಆಗ್ತದೋ, ಹನ್ನೆರಡು ವರ್ಷದಿಂದ ತಲ್ಯಾಗ ಇದೇ ನಡದದ.

ಕಮಲಾಪುರಕ್ಕ ಬಸ್ಸಿಗೇನು ಬರ ಇಲ್ಲ. ಅರ್ಧ ತಾಸಿಗೊಂದು ಹೋಗ್ತದ.