ಇಮಾಮ್‌ಸಾಬರ ತಾಳ್ಮೆಯ ವಿರುದ್ಧ ನನ್ನ ಭಾಷಣ

ಪಕ್ಕದ ಮನೆಯವನ ಕಾರು ನೋಡಿ ಹೊಟ್ಟೆ ಉರಿದುಕೊಳ್ಳುವವರು ಪುಣ್ಯವಂತರು. ತಾವೂ ಒಂದು ಕಾರು ಕೊಂಡರೆ ಅವರ ಕಾಯಿಲೆ ವಾಸಿಯಾಗುತ್ತದೆ. ನನ್ನದು ಅಂಗಡಿಯಲ್ಲಿ ಮದ್ದು ಸಿಗದ ಹೊಟ್ಟೆಕಿಚ್ಚು. ನಾನು ಒಬ್ಬ ಮನುಷ್ಯನ ಒಳ್ಳೆಯತನ ನೋಡಿ ಉರಿದವನು. ಅದರಲ್ಲೂ, ಮೂರು ತಲೆಮಾರಿನ ಕ್ರೈಸ್ತನಾದ ನಾನು ಉರಿದದ್ದು ಒಬ್ಬ ಮುಸಲ್ಮಾನನ ಒಳ್ಳೆಯತನಕ್ಕೆ.

ಇಮಾಮ್‌ಸಾಬರು ಹಾವೇರಿ ಕಡೆಯವರು. ಕಲ್ಯಾಣದಲ್ಲಿ ಮನೆ, ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಅಂಗಡಿಯಲ್ಲಿ ಗಡಿಯಾರ ರಿಪೇರಿಯ ಕೆಲಸ. ನಾನು ಉಡುಪಿ ಕಡೆಯ ಪ್ರಾಟೆಸ್ಟೆಂಟ್, ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡ ಗುಮಾಸ್ತ. ನಮ್ಮಿಬ್ಬರನ್ನು ಕೂಡಿಸಿದ್ದು ಕಲ್ಯಾಣದಿಂದ ಹೊರಡುವ ಎಂಟು ಹದಿನಾಲ್ಕರ ಲೋಕಲ್. ಆ ಡಬ್ಬಿಯಲ್ಲಿ ನಮ್ಮದೊಂದು ಗ್ರೂಪು, ಗ್ರೂಪಿಗೊಂದು ಕಾನೂನು. ಕಲ್ಯಾಣದಲ್ಲಿ ಹತ್ತಿ ಕೂತವರು ನಡುದಾರಿಯ ಠಾಣೆ ಸ್ಟೇಷನ್ ಬರುತ್ತಲೇ ಎದ್ದು, ಡೊಂಬಿವಲಿಯಿಂದ ನಿಂತು ಬಂದವರಿಗೆ ಜಾಗ ಬಿಡಬೇಕು. ಇಮಾಮ್‌ಸಾಬರು ಮಾತ್ರ ಠಾಣೆಯವರೆಗೆ ಕಾಯದೆ ಡೊಂಬಿವಲಿಯಲ್ಲೇ ಎದ್ದು ನನ್ನನ್ನು ಕೂರಿಸುತ್ತಿದ್ದರು. ಒಂದು ಮಳೆಗಾಲ ನನ್ನ ಮೊಣಕಾಲು ಊದಿದ್ದಾಗ ಶುರುವಾದದ್ದು ಅದು. ಊತ ಮೂರೇ ವಾರಕ್ಕೆ ಇಳಿಯಿತು. ಆ ಸಂಗತಿಯನ್ನು ಅವರಿಗೆ ತಿಳಿಸುವ ಸಂದರ್ಭ ಮಾತ್ರ ಎಂಟು ವರ್ಷವಾದರೂ ನನಗೆ ಒದಗಿ ಬರಲಿಲ್ಲ.

ಇಷ್ಟು ಉಪಕಾರ ಪಡೆದವನಿಗೆ ಕೃತಜ್ಞತೆ ಬರಬೇಕಿತ್ತು. ನನಗೆ ಬಂದದ್ದು ಮತ್ಸರ. ನಾನು ರಜೆ ಹಾಕಿ ವಾರವಾದರೂ ಗ್ರೂಪಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವರು ಒಂದು ದಿನ ಕಾಣದಿದ್ದರೆ ‘ಇಮಾಮ್‌ಭಾಯ್ ಕಿಧರ್ ಹೈ’ ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ರೈಲುಗಳಲ್ಲಿ ಬಾಂಬು ಸಿಡಿದ ಮರುವಾರ, ಯಾರೋ ಒಬ್ಬ ಅಪರಿಚಿತ ಅವರ ಗಡ್ಡವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ‘ಬ್ಯಾಗ್ ಖೋಲೋ’ ಎಂದು ಗದರಿದ. ನಾನಾಗಿದ್ದರೆ ಅವನ ಕಾಲರು ಹಿಡಿಯುತ್ತಿದ್ದೆ. ಇಮಾಮ್‌ಸಾಬರು ಚೀಲ ಬಿಚ್ಚಿ, ಊಟದ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ ಮುರಿದು ಅವನ ಕೈಗೂ ಒಂದು ತುಂಡು ಇಟ್ಟರು. ಅವನು ತಿಂದ ಕೂಡ. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಕೆನ್ನೆ ತೋರಿಸುವುದು ನಮ್ಮ ಇಲಾಖೆಯ ಕೆಲಸವಲ್ಲವೇ? ನಮ್ಮ ಅಂಗಡಿಯ ಸರಕನ್ನು ಈ ಮನುಷ್ಯ ನನ್ನ ಕಣ್ಣೆದುರೇ, ಅದೂ ಬಿಟ್ಟಿಯಾಗಿ, ಹಂಚುತ್ತಿದ್ದಾನಲ್ಲ!

ಹೀಗೆ ಕುದಿಯುತ್ತಿದ್ದ ದಿನಗಳಲ್ಲೇ ಠಾಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯವರು ಚರ್ಚಾಕೂಟ ಇಟ್ಟುಕೊಂಡರು. ಭಾನುವಾರದ ಆರಾಧನೆ ಮುಗಿದ ಮೇಲೆ, ಚಹಾಕ್ಕೆ ಮೊದಲು. ವಿಷಯ: ‘ಇಸ್ಲಾಂ ಸ್ವಭಾವತಃ ಹಿಂಸೆಯ ಧರ್ಮವೇ?’ ‘ಹೌದು’ ಎಂಬ ಪಕ್ಷಕ್ಕೆ ನಾನು ಯಾರೂ ಕೇಳುವ ಮೊದಲೇ ಕೈಯೆತ್ತಿದೆ. ಇಮಾಮ್‌ಸಾಬರ ಹತ್ತಿರ ಎಂಟು ವರ್ಷದಿಂದ ಸೋಲುತ್ತಿದ್ದ ನನಗೆ, ಅವರ ಧರ್ಮದ ಮೇಲಾದರೂ ಒಮ್ಮೆ ಗೆಲ್ಲಬೇಕಿತ್ತು.

ತಯಾರಿ ಹೇಗೆ ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆ. ‘ನಿಮ್ಮ ಗ್ರಂಥ ಓದಬೇಕೂಂತ ಆಸೆ’ ಎಂದು ಅವರ ಬಳಿಯೇ ಕೇಳಿದೆ. ಯಾಕೆಂದು ಹೇಳಲಿಲ್ಲ. ಮರುದಿನವೇ ಕನ್ನಡ ಅನುವಾದವನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ತಂದರು. ಒಳಗೆ ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿದ್ದರು.

‘ಯುದ್ಧದ ಮಾತು ಇರೂವಲ್ಲಿ ಗುರ್ತು ಇಟ್ಟೀನ್ರಿ ಸರ. ಮೊದ್ಲು ಅವನ್ನ ಓದ್ರಿ’ ಎಂದರು.

‘ಅದನ್ನೇ ಯಾಕೆ ಮೊದಲು?’

‘ಹೊರಗಿನವ್ರು ಅಲ್ಲೇ ಎಡವ್ತಾರ್ರಿ. ನಾವೂ ಎಡವ್ತೀವಿ. ಅವು ಯಾವಾಗ ಬಂದ್ವು, ಯಾರ ಜೋಡಿ ಜಗಳಿತ್ತು ಅಂತ ಕೂಡಿ ಓದಬೇಕು. ಬರೇ ಒಂದ್ ಸಾಲು ಕಿತ್ಕೊಂಡ್ ಹೋದ್ರ ಯಾರ ಗ್ರಂಥದಾಗೂ ಚಾಕು ಸಿಗ್ತದ.’

ನಾನು ಗುರುತಿದ್ದ ಸಾಲುಗಳನ್ನಷ್ಟೇ ಕಿತ್ತುಕೊಂಡು ಹೋದೆ.

ಭಾನುವಾರ ನನ್ನ ಭಾಷಣ ಜೋರಾಗಿಯೇ ನಡೆಯಿತು. ಅವರ ಪ್ರವಾದಿ ಸೈನ್ಯ ನಡೆಸಿದರು, ನಮ್ಮ ಪ್ರಭು ಶಿಲುಬೆ ಹೊತ್ತರು, ಬೇರು ಬೇರೆಯಾದರೆ ಹಣ್ಣೂ ಬೇರೆ ಎಂದು ಮೇಜು ಗುದ್ದಿ ಹೇಳಿದೆ. ಗುದ್ದಿಗೆ ನೀರಿನ ಲೋಟ ಉರುಳಿ ಸಭಾಪಾಲಕರ ಬಿಳಿ ನಿಲುವಂಗಿ ಒದ್ದೆಯಾಯಿತು. ಹಿಂಸೆಯನ್ನು ಖಂಡಿಸುವಾಗ ಇಷ್ಟು ಆಗುತ್ತದೆ. ಎದುರು ಪಕ್ಷದಲ್ಲಿದ್ದವರು ನಿವೃತ್ತ ಶಿಕ್ಷಕಿ ಸುಶೀಲಾ ಟೀಚರ್. ಅವರು ತಣ್ಣಗೆ ಎದ್ದು, ನಮ್ಮದೇ ಗ್ರಂಥದ ಹಳೆಯ ಭಾಗದಲ್ಲಿ ಊರಿಗೆ ಊರನ್ನೇ ಕತ್ತಿಗೆ ಕೊಟ್ಟ ಕತೆಗಳನ್ನು ನೆನಪಿಸಿದರು. ಶಿಲುಬೆಯ ಗುರುತು ಹೊತ್ತೇ ಹೊರಟ ದಂಡುಗಳ ವಿಷಯ ತೆಗೆದರು. ಅಷ್ಟು ದೂರ ಯಾಕೆ, ಇದೇ ಠಾಣೆ, ವಸಈಯಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವಿ ಮಾಡಿದ್ದೇನು ಎಂದೂ ಕೇಳಿದರು. ಪೋರ್ಚುಗೀಸರು ಕ್ಯಾಥೊಲಿಕರು, ನಾವು ಪ್ರಾಟೆಸ್ಟೆಂಟರು ಎಂದು ನಾನು ಕೈ ತೊಳೆದುಕೊಂಡೆ. ಅಷ್ಟು ಸುಲಭದಲ್ಲಿ ನನಗೆ ಕೈ ತೊಳೆಯಲು ಬರುವುದಾದರೆ ಇಮಾಮ್‌ಸಾಬರು ಯಾಕೆ ಯಾರೋ ಇಟ್ಟ ಬಾಂಬಿಗೆ ಚೀಲ ಬಿಚ್ಚಿ ತೋರಿಸಬೇಕು ಎಂಬುದು ಆಗ ಹೊಳೆಯಲಿಲ್ಲ.

ಕೊನೆಗೆ ಸಭಿಕರ ಪ್ರಶ್ನೆ. ಎರಡನೇ ಸಾಲಿನಿಂದ ಎದ್ದು ನಿಂತವಳು ನನ್ನ ಹೆಂಡತಿ ಕರುಣಾ.

‘ಇವರು ದಿನಾ ಡೊಂಬಿವಲಿಯಲ್ಲಿ ರೈಲು ಹತ್ತಿ ಆರಾಮ ಕೂತು ಹೋಗ್ತಾರೆ. ಎಂಟು ವರ್ಷದಿಂದ ಆ ಸೀಟು ಬಿಟ್ಟುಕೊಡುವವರ ಧರ್ಮ ಯಾವುದೂಂತ ಸಭೆಗೆ ತಿಳಿಸಲಿ. ಇವರ ಮೊಣಕಾಲು ಯಾವಾಗ ಗುಣವಾಯ್ತು, ಅದನ್ನೂ ಹೇಳಲಿ.’

ಸಭೆ ಬಿದ್ದು ಬಿದ್ದು ನಕ್ಕಿತು. ಆ ಕಠಿಣ ಸಾಲುಗಳ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ, ನಮ್ಮ ಹಳೆಯ ಕತೆಗಳದ್ದೂ ಇಲ್ಲ. ಆದರೆ ಅವತ್ತು ನಾನು ಮೇಜು ಗುದ್ದಿದ್ದು ಆ ಪ್ರಶ್ನೆಗಾಗಿ ಅಲ್ಲವೆಂದು ಸಭೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಕರುಣಾ.

ಸೋಮವಾರ ಪುಸ್ತಕವನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಬೇರೆ ಡಬ್ಬಿ ಹತ್ತಿಬಿಡಲೇ ಎಂದು ಪ್ಲಾಟ್‌ಫಾರ್ಮಿನಲ್ಲಿ ಎರಡು ಸಲ ಯೋಚಿಸಿದೆ. ಹತ್ತಿದ್ದು ನಮ್ಮ ಡಬ್ಬಿಯನ್ನೇ. ಇಮಾಮ್‌ಸಾಬರು ಎಂದಿನಂತೆ ಎದ್ದರು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಒಪ್ಪಿಕೊಂಡೆ. ಪುಸ್ತಕ ಯಾಕೆ ಕೇಳಿದ್ದೆ, ಅವರ ಗುರುತುಗಳನ್ನು ಯಾವುದಕ್ಕೆ ಬಳಸಿದೆ, ಎಲ್ಲ. ಅವರ ಮುಖ ಬಾಡಿತು. ಆ ಮುಖದಲ್ಲಿ ನಾನು ನೋವು ಕಂಡದ್ದು ಅದೇ ಮೊದಲು. ಮುಂಬ್ರಾ ಸ್ಟೇಷನ್ ದಾಟುವವರೆಗೂ ಅವರು ಕಿಟಕಿಯಾಚೆ ನೋಡುತ್ತ ನಿಂತಿದ್ದರು. ನಮ್ಮಿಬ್ಬರ ನಡುವೆ ಆ ಸೀಟು ಖಾಲಿ ಇತ್ತು. ಅಂಥ ನೂಕುನುಗ್ಗಲಿನಲ್ಲೂ ಗ್ರೂಪಿನವರು ಯಾರೂ ಅದರಲ್ಲಿ ಕೂರಲಿಲ್ಲ.

‘ನನ್ನ ಕರದಿದ್ರ ನಾನ ಬರ್ತಿದ್ನಲ್ರೀ ಸರ. ನನ್ನ ಬಿಟ್ಟು ನನ್ನ ಬಗ್ಗೆ ಮಾತಾಡಿದ್ರಿ’ ಎಂದರು ಕೊನೆಗೆ.

‘ತಪ್ಪಾಯ್ತು ಸಾಬ್ರೇ. ಇವತ್ತಿಂದ ನೀವು ಕೂತ್ಕೊಳ್ಳಿ, ನಾನು ನಿಲ್ತೇನೆ.’

‘ಬ್ಯಾಡ್ರಿ. ಕೂಡ್ರಿ.’

‘ಇಲ್ಲ, ನೀವೇ...’

‘ಕೂಡ್ರೀ ಅಂದ್ರ!’ ಎಂದು ಗದರಿ, ನನ್ನ ಹೆಗಲು ಹಿಡಿದು ಸೀಟಿಗೆ ದಬ್ಬಿದರು.

ಎಂಟು ವರ್ಷದಲ್ಲಿ ಇಮಾಮ್‌ಸಾಬರು ನನ್ನ ಮೇಲೆ ನಡೆಸಿದ ಹಿಂಸಾಚಾರ ಅದೊಂದೇ. ಕೂತವನು ತಲೆಯೆತ್ತಿ ನೋಡಿದೆ. ಅವರು ಹಿಡಿಕೆಗೆ ಜೋತುಬಿದ್ದು ತೂಗಾಡುತ್ತಿದ್ದರು. ಹೆಗಲ ಮೇಲೆ ಅವರ ಬೆರಳ ಒತ್ತು ಇನ್ನೂ ಮಾಸಿರಲಿಲ್ಲ. ಛೆ, ದಬ್ಬಿದ ಆ ಕೈ ನನ್ನದಾಗಬಾರದಿತ್ತೇ ಎಂದು ಮತ್ತೆ ಹೊಟ್ಟೆ ಉರಿಯಿತು.