ಕಿವಿ ಹೊಳಿಯಮ್ಮನದು, ಕೈ ಹುಚ್ಚೀರಪ್ಪನದು

ಕುಷ್ಟಗಿಯ ಹೆದ್ದಾರಿ ಬದಿಯ ತಗಡಿನ ಶೆಡ್ಡು. ಈಗಷ್ಟೇ ಬೆಳಕು ಹರಿಯುತ್ತಿದೆ. ಮಗುಚಿ ನಿಲ್ಲಿಸಿದ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಯೊಂದನ್ನು ಹೊಳಿಯಮ್ಮ ಬೆರಳಿನಿಂದ ಮೀಟುತ್ತಾರೆ. ಟಿಣ್ ಎನ್ನಬೇಕಾದದ್ದು ಟೊಣ್ ಎನ್ನುತ್ತದೆ.

"ಇದು ಇನ್ನೂ ಸಡ್ಲ ಐತಿ, ಬಿಗಿ ಮಾಡ್ರಿ!" ಎಂದು ಗಂಡನ ಕಿವಿಗೆ ಬಾಯಿಟ್ಟು ಕೂಗುತ್ತಾರೆ. ಹುಚ್ಚೀರಪ್ಪ ಕಡ್ಡಿ ಬಿಗಿಯುವ ಚಾವಿ ಹಾಕಿ ಒಂಚೂರು ತಿರುಗಿಸುತ್ತಾರೆ.

ಸೈಕಲ್ಲು ತುಮಕೂರಿನ ಅಮೃತಾಳದು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಒಬ್ಬಳೇ ಹೊರಟ ಗಟ್ಟಿಗಿತ್ತಿ. ನಿನ್ನೆ ಊರ ಹತ್ತಿರ ಕಡ್ಡಿ ಮುರಿದು, ಗಾಲಿ ಔಟಾಗಿ ಅತ್ತಿತ್ತ ಓಲಾಡಿ, ತಳ್ಳಿಕೊಂಡು ಬಂದು ಇವರ ಮನೆಯಲ್ಲೇ ಉಳಿದಿದ್ದಾಳೆ. ಗಾಲಿ ಸರಿಹೋಗದಿದ್ದರೆ ತುಮಕೂರಿನ ಬಸ್ಸು ಹತ್ತುವುದೇ ದಾರಿ.

ದೇಶ ಸುತ್ತುವ ಸೈಕಲ್ಲಿನವರು ಈ ಶೆಡ್ಡಿನ ಗುರುತನ್ನು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಯಲಬುರ್ಗಾದಲ್ಲಿ ಕೆಲಸ ಕಲಿತ ಹುಚ್ಚೀರಪ್ಪ ಕಡ್ಡಿಯ ಸದ್ದಿನಲ್ಲೇ ಬಿಗಿತ ಹಿಡಿಯುತ್ತಿದ್ದವರು. ಬರಬರುತ್ತ ಕಿವಿ ಮಂದವಾಯಿತು. ಪಾಪ, ಹೆಂಡತಿಗೂ ಹೇಳದೆ ಮುಚ್ಚಿಟ್ಟರು. ಹೋದ ವರ್ಷ ಅವರು ಸರಿಮಾಡಿದ ಗಾಲಿ ಇಳಕಲ್ ದಾರಿಯಲ್ಲಿ ಕೈಕೊಟ್ಟು, ಯೂಸುಫ ಎಂಬ ಸವಾರ ಬಿದ್ದು ಮೊಣಕೈ ಕೆತ್ತಿಕೊಂಡಾಗ ಗುಟ್ಟು ಬಯಲಾಯಿತು.

"ಮಂದಿ ನನ್ನ ನಂಬಿ ಸೈಕಲ್ ಏರ್ತಾರ. ಇನ್ನ ಚಾವಿ ಮುಟ್ಟಂಗಿಲ್ಲ ಅಂದೆ," ಎನ್ನುತ್ತಾರೆ ಹುಚ್ಚೀರಪ್ಪ.

"ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ರು," ಹೊಳಿಯಮ್ಮ ನಗುತ್ತಾರೆ. "ನನ್ನ ಕಿವಿ ಅದಾವಲ್ಲ, ಏಳ್ರಿ ಅಂದೆ. ಇಷ್ಟು ವರ್ಷ ಇವರ ಮಾತು ಕೇಳೇನಿ, ಕಡ್ಡಿ ಮಾತು ಕೇಳಾಕ ಏನ್ ಕಷ್ಟ?"

ಅಂದಿನಿಂದ ಹೊಲದ ಕೂಲಿಗೆ ಹೋಗುವ ಮುಂಚೆ ಹೊಳಿಯಮ್ಮ ಇಲ್ಲಿ ಕೂರುತ್ತಾರೆ. ಇವರಲ್ಲೊಂದು ಪದ್ಧತಿಯಿದೆ. ಸವಾರರು ಚೀಲ ಹೇರಿದ ಸೈಕಲ್ಲಿನಲ್ಲಿ ಪೆಟ್ರೋಲ್ ಬಂಕಿನ ತನಕ ಹೋಗಿ ಬರಬೇಕು. ಭಾರ ಬಿದ್ದ ಗಾಲಿ ಸದ್ದು ಮಾಡಿದರೆ ಮತ್ತೆ ಬಿಚ್ಚುವುದೇ.

ಅಮೃತಾ ಏರುತ್ತಾಳೆ. ಹೊಳಿಯಮ್ಮ ಕಿವಿಯ ಹಿಂದೆ ಅಂಗೈ ಹಿಡಿದು ರಸ್ತೆಯಂಚಿಗೆ ನಿಲ್ಲುತ್ತಾರೆ. ಹುಚ್ಚೀರಪ್ಪ ಗಾಲಿಯನ್ನು ನೋಡುವುದಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಾರೆ. ಯೂಸುಫ ಬಿದ್ದದ್ದನ್ನು ಅವರಿನ್ನೂ ಮರೆತಿಲ್ಲ. ಸೈಕಲ್ಲು ಹೋಗಿ, ತಿರುಗಿ, ಇಬ್ಬರ ಮುಂದೆಯೇ ಹಾದುಬರುತ್ತದೆ.

"ಸಪ್ಪಳ ಬಂತೇನ?"

ಹೊಳಿಯಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ. "ಒಂಚೂರೂ ಇಲ್ಲ!"

ಹುಚ್ಚೀರಪ್ಪ ಚಾವಿಯನ್ನು ಜೇಬಿಗಿಳಿಸಿ ಬಾಯ್ತುಂಬ ನಗುತ್ತಾರೆ.

"ಹಂಗಾದ್ರ ಇವತ್ತ ನನಗೂ ನಿನ್ನಷ್ಟ ಛಲೋ ಕೇಳೇತಿ ಬಿಡು."