ಎಡಗೈ ಜೇಬಿನಲ್ಲಿ

ಬೈಕುಲ್ಲಾದ ಮಿಲ್ಲಿನಲ್ಲಿ ಅಣ್ಣು ಎಂದರೆ ಮಗ್ಗಗಳ ವೈದ್ಯ. ಊರು ಮೂಲ್ಕಿಯ ಕಡೆ. ಮುಂಬಯಿಗೆ ಬಂದದ್ದು ಹೊಟೇಲಿನಲ್ಲಿ ಲೋಟ ತೊಳೆಯಲಿಕ್ಕೆ. ಹೇಗೋ ಮಿಲ್ಲು ಸೇರಿ, ಎಣ್ಣೆ ಬಿಡುವ ಕೆಲಸದಿಂದ ಮೇಲೇರಿ, ಕೆಟ್ಟ ಮಗ್ಗ ಸರಿಮಾಡುವ ಜಾಬರ್ ಆದ. ಬೇರೆ ಜಾಬರರು ಮಗ್ಗ ನಿಲ್ಲಿಸಿ ಕೈ ಹಾಕುತ್ತಿದ್ದರು. ಅಣ್ಣು ನಿಲ್ಲಿಸುತ್ತಿರಲಿಲ್ಲ. ಮಗ್ಗ ನಿಂತರೆ ನೇಯುವವನ ದುಡಿಮೆಯೂ ನಿಂತಂತೆ. "ಬಂದ್ ಕರೂ ನಕೋ, ಅಣ್ಣು" ನಿಲ್ಲಿಸಬೇಡ ಎಂದು ನೇಯುವವರು ಮರಾಠಿಯಲ್ಲಿ ಅಂಗಲಾಚುತ್ತಿದ್ದರು. ಅವನು ಎಡಗೈಯಿಂದ ಮಗ್ಗದ ಚೌಕಟ್ಟನ್ನು ಭದ್ರವಾಗಿ ಹಿಡಿದು, ಬಲಗೈಯನ್ನು ಓಡುವ ಯಂತ್ರದೊಳಗೆ ಇಳಿಸುತ್ತಿದ್ದ. ಕಾಯಿಲೆ ಎಲ್ಲಿದೆ ಎಂಬುದನ್ನು ಎಡಗೈಯೇ ಆ ನಡುಕದಲ್ಲಿ ಪತ್ತೆಹಚ್ಚುತ್ತಿತ್ತು. ನೋಡುವವರ ಎದೆ ಧಸಕ್ಕೆನ್ನುತ್ತಿತ್ತು. ಅವನಿಗದು ತೊಟ್ಟಿಲು ತೂಗಿದಷ್ಟು ಸಲೀಸು.

ಆಮೇಲೆ ಎಂಬತ್ತೆರಡರ ಮುಷ್ಕರ ಬಂತು. ಯಾರು ಗೆದ್ದರು, ಯಾರು ಸೋತರು ಎಂದು ಈಗಲೂ ವಾದ ಮಾಡುವವರಿದ್ದಾರೆ, ಮಾಡಿಕೊಳ್ಳಲಿ. ಅಣ್ಣುವಿನ ಮಿಲ್ಲು ಮತ್ತೆ ಬಾಗಿಲು ತೆರೆಯಲಿಲ್ಲ, ಅಷ್ಟೆ. ಹೆಂಡತಿ ಸೇವಂತಿ ಸಯನ್‌ನಲ್ಲಿದ್ದ ತನ್ನ ಅಣ್ಣ ಪೂವಪ್ಪನ ಹೊಟೇಲಿನಲ್ಲಿ ಅಡುಗೆಮನೆಯ ಕೆಲಸಕ್ಕೆ ನಿಂತಳು. ಅಣ್ಣು ಚಾಳಿನ ಪಡಸಾಲೆಯಲ್ಲಿ ಕೈಕಟ್ಟಿ ಕೂತ. "ಗಲ್ಲೆಯಲ್ಲಿ ಬಂದು ಕೂತ್ಕೊಳ್ಳಿ ಭಾವ, ನಿಮ್ಗೆಂತ ಕಷ್ಟ ಉಂಟು?" ಎಂದು ಪೂವಪ್ಪ ಕರೆದ. ಹಣ ಎಣಿಸುತ್ತ ಕೂರಲು ಇವನು ಹೋಗಲಿಲ್ಲ. ಜಂಬ ಎಂದರು ಜನ. ಜಂಬವೇ ಸರಿ. ಮಿಲ್ಲಿನ ಇಡೀ ವಿಭಾಗದ ಮಗ್ಗಗಳು ಯಾವನ ಕೈ ಕಾಯುತ್ತಿದ್ದವೋ ಅವನಿಗೆ ಅಷ್ಟೂ ಜಂಬ ಬೇಡವೆ? ಅವನಿಗೆ ಬೇಕಾದದ್ದು ಒಂದೇ: ಇನ್ನೊಮ್ಮೆ ಯಾವುದಾದರೂ ಯಂತ್ರ ತನ್ನ ಕೈಯಿಂದ ಸರಿಹೋಗಬೇಕು.

ಹೊಟೇಲಿನ ಮಾಳಿಗೆಯಲ್ಲಿ ನಂಜುಂಡ ಎಂಬ ಮೈಸೂರಿನ ಇಂಜಿನಿಯರು ಕಂಪ್ಯೂಟರ್ ರಿಪೇರಿ ಕಲಿಸುವ ಕ್ಲಾಸು ತೆರೆದದ್ದು ಎಂಬತ್ತೆಂಟರಲ್ಲಿ. ಬ್ರಹ್ಮಚಾರಿ, ಊಟ ಪೂವಪ್ಪನಲ್ಲೇ. ಒಂದು ಸಂಜೆ ಸೇವಂತಿಯನ್ನು ಕರೆದೊಯ್ಯಲು ಬಂದ ಅಣ್ಣು ಮೆಟ್ಟಿಲ ಬುಡದಲ್ಲಿ ನಿಂತು, "ಮೇಲೆ ಯಾವ್ದೋ ಫ್ಯಾನಿನ ಬೇರಿಂಗ್ ಹೋಗ್ತಾ ಉಂಟು, ಸರ್" ಎಂದ. ಊಟಕ್ಕೆ ಕೂತಿದ್ದ ನಂಜುಂಡ ನಕ್ಕು, ಎದ್ದು ಹತ್ತಿಹೋಗಿ ನೋಡಿದರೆ, ಒಂದು ಕಂಪ್ಯೂಟರಿನ ಬೆನ್ನಿನ ಫ್ಯಾನು ಸಾಯುವ ಸ್ಥಿತಿಯಲ್ಲಿತ್ತು. "ನಾಳೆಯಿಂದ ನೀವೂ ಬಂದ್ಬಿಡಿ ಕಣ್ರೀ" ಎಂದ, ಇಳಿದು ಬಂದು ಮತ್ತೆ ಊಟದ ತಟ್ಟೆಯ ಮುಂದೆ ಕೂತು.

ನಲವತ್ತು ದಾಟಿದವನು ಹುಡುಗರ ಜೊತೆ ಬೆಂಚಿನಲ್ಲಿ ಕೂತ. ಹುಡುಗರು ಚಾಚಾ ಎಂದರು. ಅನ್ನಲಿ. ಕನ್ನಡ ರಾತ್ರಿಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ ಇಂಗ್ಲಿಷು ಕಾರ್ಡುಗಳ ಮೇಲಿನ ಅಕ್ಷರ ಓದಲು ಸಾಕಾಯಿತು. ಉಳಿದದ್ದನ್ನು ನಂಜುಂಡ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಮುಚ್ಚಳ ಬಿಚ್ಚುವುದು, ಕಾರ್ಡು ಕೂರಿಸುವುದು, ಫ್ಲಾಪಿ ಡ್ರೈವಿನ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸುವುದು, ಎಲ್ಲ ಕೈಗೆ ಹತ್ತಿತು. ಅವನ ಮುಖದಲ್ಲಿ ಕಳೆ ಬಂತು. ಸೇವಂತಿಗೆ ಅದನ್ನು ನೋಡಿಯೇ ಹೊಟ್ಟೆ ತುಂಬುತ್ತಿತ್ತು.

ಕೈಕೊಟ್ಟದ್ದು ಮಾನಿಟರು. ಬೇರೆಲ್ಲವನ್ನೂ ಪ್ಲಗ್ಗು ಕಿತ್ತು ಬಿಚ್ಚಬಹುದು. ಪರದೆಯ ಮೇಲಿನ ಚಿತ್ರ ತಿದ್ದಬೇಕಾದರೆ ಮಾತ್ರ ಅದು ಉರಿಯುತ್ತಿರುವಾಗಲೇ ಒಳಗೆ ಕೈಯಿಡಬೇಕು, ಒಳಗೋ ಕೊಲ್ಲುವಷ್ಟು ಕರೆಂಟು. ಅದಕ್ಕೆ ನಂಜುಂಡನದು ಒಂದೇ ಕಟ್ಟಪ್ಪಣೆ: ಬಲಗೈ ಒಳಗೆ, ಎಡಗೈ ಪ್ಯಾಂಟಿನ ಜೇಬಿನಲ್ಲಿ.

"ಒಂದು ಕೈಗೆ ಹೊಡೆದ್ರೆ ಕೈ ಸುಡುತ್ತೆ, ಅಷ್ಟೆ. ಎರಡನೇ ಕೈ ಚೌಕಟ್ಟು ಹಿಡಿದಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆ ದಾಟ್ಕೊಂಡು ಹೋಗುತ್ತೆ. ತಿಳೀತಾ?"

"ನಂಗೆ ತಿಳೀತದೆ ಸರ್. ಕೈಗೆ ತಿಳಿಯೂದಿಲ್ಲ."

ನಿಜ ಹೇಳಿದ್ದ. ಬಲಗೈ ಒಳಗಿಳಿದೊಡನೆ ಎಡಗೈ ತಾನಾಗಿ ಜೇಬಿನಿಂದ ಎದ್ದು ಬರುತ್ತಿತ್ತು. ನಂಜುಂಡ ಗದರಿ ಒಳಗೆ ಕಳಿಸುತ್ತಿದ್ದ. ಆ ಕೈಗೆ ಬುದ್ಧಿ ಕಲಿಸಲು ಅಣ್ಣು ಮನೆಯಲ್ಲೂ ಅದನ್ನು ಜೇಬಿನಲ್ಲಿಟ್ಟೇ ಉಂಡ, ನೀರು ಹಿಡಿದ, ಪೇಪರು ಓದಿದ. "ಏನು, ಎಡಗೈ ಅಡವಿಟ್ಟಿದ್ದೀರಾ?" ಎಂದು ಚಾಳಿನವರು ಕಾಲೆಳೆದರು. ತಿಂಗಳುಗಟ್ಟಲೆ ಹಾಗೆ ಪಳಗಿಸಿದ ಮೇಲೆ ಕೈ ಕೊನೆಗೂ ಜೇಬಿನಲ್ಲಿ ಸುಮ್ಮನೆ ಉಳಿಯತೊಡಗಿತು. ನಂಜುಂಡ ಅವನನ್ನು ರಿಪೇರಿಗೆ ಜೊತೆಗೊಯ್ಯತೊಡಗಿದ. ಒಂದು ಸೋಮವಾರ, "ಇವತ್ತು ನೀವೇ ಹೋಗ್ಬನ್ನಿ. ಬೈಕುಲ್ಲಾ, ನಿಮ್ಮದೇ ಪೇಟೆ" ಎಂದ.

ಬೈಕುಲ್ಲಾದ ಒಂದು ಸಗಟು ಅಂಗಡಿ. ಕಂಪ್ಯೂಟರಿನ ಚಿತ್ರ ಕುಗ್ಗಿ, ಕುಣಿಯುತ್ತಿತ್ತು. ಅಂಗಡಿ ತುಂಬ ಗಿರಾಕಿಗಳು. ಅಣ್ಣು ಹಿಂದಿನ ಮುಚ್ಚಳ ತೆಗೆದು, ಎಡಗೈಯನ್ನು ಜೇಬಿಗಿಳಿಸಿ, ಬಲಗೈಯಲ್ಲಿ ತಿರುಪುಳಿ ಹಿಡಿದ. ಚಿತ್ರ ಹಿಗ್ಗತೊಡಗಿತು. ಖುಷಿಯಾಯಿತು. ಆಗ ಎಲ್ಲಿ ಇವನು ಯಂತ್ರ ಆರಿಸಿಬಿಡುತ್ತಾನೋ ಎಂದು ಹೆದರಿದ, ಅಂಗಡಿಯ ಲೆಕ್ಕ ಬರೆಯುವ ಮುನೀಮ ಅವನ ಬೆನ್ನ ಹಿಂದೆ ಬಂದು ಗೋಗರೆದ: "ಬಂದ್ ಕರೂ ನಕೋ ಭಾವೂ, ಕಾಮ್ ಚಾಲೂ ಆಹೆ."

ಎಷ್ಟೋ ವರ್ಷ ಮಗ್ಗದ ಸಾಲಿನಲ್ಲಿ ಕೇಳಿದ ಮಾತು. ಅಣ್ಣು ಯೋಚಿಸಲೂ ಇಲ್ಲ. "ಬಂದ್ ಮಾಡೂದಿಲ್ಲ" ಎನ್ನುತ್ತ ಎಡಗೈ ತೆಗೆದು ಚೌಕಟ್ಟನ್ನು ಭದ್ರವಾಗಿ ಹಿಡಿದ.

ಕರೆಂಟು ಅವನನ್ನು ಎಸೆದ ಏಟಿಗೆ ಹಿಂದಿದ್ದ ಕಪಾಟಿನ ಗಾಜು ಒಡೆಯಿತು. ಆಸ್ಪತ್ರೆಯಲ್ಲಿ ಎದೆಬಡಿತ ಹಳಿಗೆ ಬರಲು ಒಂದಿಡೀ ಹಗಲು ಹಿಡಿಯಿತು. ಬದುಕಿದ್ದೇ ಪುಣ್ಯ ಎಂದು ಎಲ್ಲರೂ ಅಂದರು. ಹಾಗೆನ್ನುವುದು ಸುಲಭ.

ಮೈ ಚೇತರಿಸಿಕೊಂಡ ಮೇಲೆ ನಂಜುಂಡ ತಾನೇ ಚಾಳಿಗೆ ಬಂದು ಕರೆದೊಯ್ದ. ಒಳ್ಳೆಯ ಹುಡುಗ, ತಪ್ಪು ತನ್ನದೇ, ಒಬ್ಬನನ್ನೇ ಕಳಿಸಬಾರದಿತ್ತು ಎಂದು ಕೊರಗುತ್ತಿದ್ದ. ಮೇಜಿನ ಮೇಲೆ ಮುಚ್ಚಳ ತೆಗೆದ ಕಂಪ್ಯೂಟರು ಇಟ್ಟು, ಅದರ ವೈರನ್ನು ಕಿತ್ತು ಅಣ್ಣುವಿನ ಕಣ್ಣೆದುರು ಹಿಡಿದ. "ನೋಡಿ, ಪ್ಲಗ್ಗು ನನ್ನ ಕೈಲಿದೆ. ಬರೀ ತಗಡು ಇದು. ಒಂದ್ಸಲ ಮುಟ್ಟಿ ಸಾಕು."

ಅಣ್ಣು ಬಲಗೈ ಚಾಚಿದ. ಬೆರಳುಗಳು ತಗಡಿನ ಹತ್ತಿರ ಹೋಗಿ ನಿಂತವು. ಹುಡುಗರಲ್ಲಿ ಯಾರೂ ಚಾಚಾ ಎನ್ನಲಿಲ್ಲ, ಅದು ಇನ್ನೂ ಹಿಂಸೆಯಾಯಿತು. "ಆಗೂದಿಲ್ಲ ಸರ್" ಎಂದು ಮೆಟ್ಟಿಲಿಳಿದುಬಿಟ್ಟ. ಮರುದಿನವೂ ಹೋದ, ಅದರ ಮಾರನೆಯ ದಿನವೂ. ಆಮೇಲೆ ಹೋಗಲಿಲ್ಲ.

ಈಗ ಅವನು ಪೂವಪ್ಪನ ಗಲ್ಲೆಯಲ್ಲಿ ಕೂರುತ್ತಾನೆ. ಮೊದಲು ಮನೆಗೆ ಬಂದರೂ ಸ್ವಿಚ್ಚು ಮುಟ್ಟುವುದಿಲ್ಲ; ಚಾಳಿನಲ್ಲಿ ಕತ್ತಲಾದರೆ ಸೇವಂತಿ ಬರುವವರೆಗೂ ದೀಪವಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ಪೂವಪ್ಪ ಮರೆತು, "ಭಾವ, ರುಬ್ಬುವ ಮಿಷನ್ ಚಾಲೂ ಮಾಡಿ ಆಯ್ತಾ?" ಎಂದು ಹೊರಗಿನಿಂದ ಕೂಗಿದ. ಅಣ್ಣು ಒಳಗೆ ಹೋಗಿ ಗೋಡೆಯ ಸ್ವಿಚ್ಚಿನ ಮುಂದೆ ನಿಂತ. ತರಕಾರಿ ಹಿಡಿದು ಹಿಂಬಾಗಿಲಿನಿಂದ ಬಂದ ಸೇವಂತಿ ಕಂಡದ್ದು, ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಅಳುತ್ತಿದ್ದ ಗಂಡನನ್ನು. ಅವಳು ಚೀಲ ಕೆಳಗಿಟ್ಟು, ಸ್ವಿಚ್ಚು ಹಾಕಿದಳು.